ಶಿವಮ್ಮನ ಮನೆಯ ತಂಪು

ಮಧ್ಯಾಹ್ನದ ಸೊಪ್ಪಿನ ಹೊರೆ ಹೊತ್ತು ಶಿವಮ್ಮ ವೀರಮ್ಮನ ಹಿತ್ತಿಲಿಗೆ ಬಂದು ನಿಂತಾಗ ಗೋಡೆಯೊಳಗೆ ಮಳೆ ಬರುತ್ತಿರಲಿಲ್ಲ.

ಮಳೆ ಎನ್ನುವುದು ಅವಳು ತನ್ನ ಮನಸ್ಸಿನಲ್ಲೇ ಇಟ್ಟುಕೊಂಡಿದ್ದ ಹೆಸರು. ಹುಳುಮನೆಯಲ್ಲಿ ಸಾವಿರಾರು ರೇಷ್ಮೆಹುಳುಗಳು ಒಟ್ಟಿಗೇ ಹಿಪ್ಪುನೇರಳೆ ಸೊಪ್ಪು ಮೇಯುವಾಗ ಗೋಡೆಯ ಈಚೆ ನಿಂತವರಿಗೆ ಹತ್ತಿರದಲ್ಲೆಲ್ಲೋ ಸೋನೆ ಹಿಡಿದಂತೆ ಕೇಳುತ್ತದೆ. ಇಪ್ಪತ್ತಾರು ವರ್ಷ ಅವಳು ಅದನ್ನು ಈಚೆಯಿಂದಲೇ ಕೇಳಿದ್ದಳು. ಹೊರೆಯನ್ನು ಹೊಸ್ತಿಲ ಹತ್ತಿರ ಇಳಿಸುವುದು ಅವಳ ಕೆಲಸ, ಒಳಗೆ ಒಯ್ದು ತಟ್ಟೆಗಳಿಗೆ ಹಾಕುವುದು ವೀರಮ್ಮನ ಕೆಲಸ. ಹುಳುವಿಗೆ ಒಂದೇ ಕೈ ಇರಬೇಕು, ಅದು ಹುಳು ಇರುವ ಮನೆಯ ಹೆಂಗಸಿನ ಕೈಯೇ ಆಗಿರಬೇಕು, ಕೈ ಬದಲಾದರೆ ಹುಳು ಮುನಿಯುತ್ತದೆ ಎನ್ನುವುದು ಆ ಮನೆಯಲ್ಲಿ ಅತ್ತೆಯಿಂದ ಸೊಸೆಗೆ ಬಂದ ಕಟ್ಟಳೆ. ಆ ಕಟ್ಟಳೆಯ ಹಿಂದೆ ಇನ್ನೊಂದು ಕಟ್ಟಳೆ ಇತ್ತು. ಅದನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ಶಿವಮ್ಮ ಊರಾಚೆಯ ಕಾಲೊನಿಯವಳು.

ಆ ದಿನ ಹುಳುಗಳು ನಾಲ್ಕನೇ ಜ್ವರದಿಂದ ಏಳಬೇಕಿತ್ತು. ಪೊರೆ ಬಿಡುವ ಮುಂಚೆ ಹುಳು ಮೇವು ಬಿಟ್ಟು, ತಲೆ ಎತ್ತಿಕೊಂಡು, ಅಲುಗಾಡದೆ ಒಂದು ದಿನ ಮಲಗುತ್ತದೆ. ಅದನ್ನೇ ಜ್ವರ ಅನ್ನುವುದು. ಹಾಗೆ ನಾಲ್ಕು ಸಲ ಮಲಗಿ ಎದ್ದ ಹುಳು ಆಮೇಲೆ ಏಳೆಂಟು ದಿನ ಬಿಡದೆ ಮೇದು ಗೂಡು ಕಟ್ಟುತ್ತದೆ. ಎದ್ದ ಮೇಲಿನ ಮೊದಲ ಊಟಕ್ಕೆಂದು ಶಿವಮ್ಮ ಒಳ್ಳೆಯ ಸೊಪ್ಪನ್ನೇ ಆರಿಸಿ ತಂದಿದ್ದಳು. ಬಂಡಳ್ಳಿಯ ಆಚೆಗಿನ ಆ ಊರಲ್ಲಿ ಯುಗಾದಿ ಕಳೆದರೂ ಒಂದು ಹನಿ ಬಿದ್ದಿರಲಿಲ್ಲ.

ಹಿತ್ತಿಲ ಗೋಡೆಯ ಮೇಲೆ ಏಸಿಯ ಪೆಟ್ಟಿಗೆ ಗೊರಗೊರ ಅನ್ನುತ್ತಿತ್ತು. ಹೋದ ವರ್ಷ ಮಲಗುವ ಕೋಣೆಗೆ ಹಾಕಿಸಿದ್ದು. ಕೋಣೆಯೊಳಗಿನ ಸೆಕೆಯನ್ನೆಲ್ಲ ಅದು ಹಿತ್ತಿಲಿಗೆ ಉಗುಳುತ್ತಿತ್ತು. ಸೊಪ್ಪಿನ ಹೆಂಗಸರು ಕಾಯುತ್ತ ನಿಲ್ಲುವುದೂ ಅಲ್ಲೇ. ಕಾಯಿಲೆ ಬಿದ್ದ ಯಾರೋ ಬೆನ್ನ ಹಿಂದೆಯೇ ನಿಂತು ಉಸಿರು ಬಿಡುತ್ತಿದ್ದಾರೆ ಎಂದು ಅವಳಿಗೆ ಪ್ರತಿಸಲವೂ ಅನ್ನಿಸುತ್ತಿತ್ತು.

ಬಾಗಿಲು ತೆರೆದು ವೀರಮ್ಮ ಹೊರಗೆ ಬಂದಳು. ಮಿಂದು ಉಟ್ಟ ಸೀರೆ ಬೆವರಿಗೆ ಮೈಗೆ ಅಂಟಿತ್ತು. ಹಳೆಯ ಹುಳುಮನೆಯನ್ನು ಕೆಡವಿ ಸಿಮೆಂಟ್ ಇಟ್ಟಿಗೆಯಲ್ಲಿ ಹೊಸದು ಕಟ್ಟಿ, ಮೇಲೆ ಶೀಟು ಹೊದಿಸಿ ಮೂರು ವರ್ಷವಾಗಿತ್ತು. ಕಿಟಕಿಗೆ ಒದ್ದೆ ಗೋಣಿತಾಟು ಕಟ್ಟಿದರೆ ಅರ್ಧ ಗಂಟೆಗೆ ಒಣಗಿ ಸೆಟೆದುಕೊಳ್ಳುತ್ತಿತ್ತು. ಮತ್ತೆ ನೆನೆಸೋಣವೆಂದರೆ ಬೋರ್‌ವೆಲ್ಲಿನ ನೀರು ನೂಲಿನಷ್ಟು ಸಣ್ಣಗೆ ಬರುತ್ತಿತ್ತು.

"ಎದ್ದೇಳ್ತಾನೇ ಇಲ್ಲ ಕಣೇ ಶಿವಿ" ಎಂದಳು ವೀರಮ್ಮ. "ಅರ್ಧಕ್ಕರ್ಧ ಮಲಗ್ದಂಗೇ ಓಗ್ಬುಟ್ಟವೆ."

ಅಭ್ಯಾಸಬಲದಿಂದ ಹೊರೆಯೊಳಗೆ ಕೈ ತೂರಿಸಿದವಳು ಹಾಗೇ ನಿಂತಳು. ಮೊಣಕೈವರೆಗೆ ಇಳಿಸಿದಳು. ಒಂದು ಎಲೆ ತೆಗೆದು ಕೆನ್ನೆಗೆ ಒತ್ತಿಕೊಂಡು ಕಣ್ಣು ಮುಚ್ಚಿದಳು.

"ಎಲ್ಲಿಟ್ಟಿದ್ದೆ ಇದ?"

"ನಮ್ಮನೇಲಿ, ಅವ್ವೋರೆ."

ಸೊಪ್ಪಿನ ಹೊಲ ಇರುವುದು ಶಿವಮ್ಮನ ಮನೆಯ ಬೆನ್ನಿಗೇ. ಬೆಳಗ್ಗೆ ಕಿತ್ತ ಸೊಪ್ಪು ಮಧ್ಯಾಹ್ನದವರೆಗೆ ಅವಳ ಮನೆಯ ಮೂಲೆಯಲ್ಲಿರುತ್ತಿತ್ತು. ವರ್ಷಗಳಿಂದ ಹೀಗೇ ನಡೆದುಬಂದಿತ್ತು, ಯಾರೂ ಕೇಳಿರಲಿಲ್ಲ. ಈಗ ಕಣ್ಣು ಮುಚ್ಚಿ ನಿಂತ ವೀರಮ್ಮನನ್ನು ನೋಡುತ್ತ ಶಿವಮ್ಮನಿಗೆ ಕಾರಣವಿಲ್ಲದೆ ಭಯವಾಯಿತು. ಮನೆಯಲ್ಲಿ ಬಚ್ಚಿಟ್ಟದ್ದು ಏನೋ ಸೊಪ್ಪಿಗೆ ಅಂಟಿಕೊಂಡು ತಾನಾಗಿಯೇ ಹೊರಗೆ ಬಂದುಬಿಟ್ಟಂತೆ.

ಆ ಮನೆಯನ್ನು ಅವಳೂ ಅವಳ ಗಂಡ ಮಾದಸ್ವಾಮಿಯೂ ಸೇರಿ ಕಟ್ಟಿದ್ದು. ಕೆರೆಯ ಮಣ್ಣಿಗೆ ಹುಲ್ಲು ಬೆರೆಸಿ ಮೂರು ದಿನ ಇಬ್ಬರೂ ತುಳಿದಿದ್ದರು. ಒಂದು ಮೊಳಕ್ಕಿಂತ ದಪ್ಪ ಗೋಡೆ, ಮೇಲೆ ನಾಡಹೆಂಚು. ಮಾದಸ್ವಾಮಿ ಹೋಗಿ ಒಂಬತ್ತು ವರ್ಷವಾದರೂ ದೀಪ ಇಡುವ ಮಾಡದ ಅಂಚಿನಲ್ಲಿ ಅವನು ಹೆಬ್ಬೆರಳಿನಿಂದ ಸವರಿದ ಗೆರೆ ಹಾಗೇ ಇತ್ತು. ಎರಡು ವರ್ಷದ ಹಿಂದಿನ ಜಡಿಮಳೆಗೆ ಹಿಂದಿನ ಗೋಡೆಯ ಒಂದು ಮೂಲೆ ಕುಸಿದಾಗ ಮಗಳು ಆಶಾರಾಣಿ ಮಲಗಿದ್ದ ಚಾಪೆ ಎರಡು ಗೇಣು ಈಚೆಗಿತ್ತು. ಮತ್ತೆ ಮಣ್ಣು ತಂದು ಮೆತ್ತಿದರು. ಜಾಗ ಮಾತ್ರ ಅವರದಲ್ಲ. ವೀರಮ್ಮನ ಮಾವ ಒಂದು ಕಾಲದಲ್ಲಿ ಕಾಲೊನಿಗೆ ತಗುಲಿದ ತಮ್ಮ ಹೊಲದ ಬದುವಿನಲ್ಲಿ ಇಲ್ಲೇ ಇದ್ದುಕೋ ಎಂದು ಮಾದಸ್ವಾಮಿಗೆ ಬಿಟ್ಟುಕೊಟ್ಟದ್ದು ಬಾಯಿಮಾತಿನಲ್ಲಿ. ಕಾಗದವೆಂಬುದು ಇರಲಿಲ್ಲ.

ಬದುವಿನ ಮೇಲೆ ಆಗ ಆರು ಹೊಂಗೆಮರಗಳಿದ್ದವು. ವೀರಮ್ಮನ ಗಂಡ ಮಲ್ಲಿಕಾರ್ಜುನಸ್ವಾಮಿ ಒಂದೊಂದಾಗಿ ಐದನ್ನು ಕಡಿಸಿದ್ದ, ನೆರಳು ಬಿದ್ದರೆ ಸೊಪ್ಪು ಸೊರಗುತ್ತದೆ ಎಂದು. ಒಂದೊಂದು ಮರ ಬಿದ್ದಾಗಲೂ ಬಿಸಿಲು ಒಂದೊಂದು ಹೆಜ್ಜೆ ಕಾಲೊನಿಯ ಕಡೆ ಬಂತು. ಉಳಿದದ್ದು ಶಿವಮ್ಮನ ಹೆಂಚಿನ ಮೇಲೆ ಕೊಂಬೆ ಚಾಚಿದ ಕೊನೆಯ ಮರ. ಅದನ್ನೂ ಈ ಬೆಳೆಯ ಗೂಡು ಇಳಿದ ಮೇಲೆ ತೆಗೆಸುವುದೆಂದು ಮಾತಾಗಿತ್ತು. ಜೆಸಿಬಿ, ಗರಗಸದ ಮೆಷಿನ್ ಎರಡನ್ನೂ ಇಟ್ಟುಕೊಂಡಿದ್ದ ಪಕ್ಕದೂರಿನ ನಾಗರಾಜು ಬಂದು ಕಾಂಡಕ್ಕೆ ಹಗ್ಗ ಸುತ್ತಿ ಅಳತೆ ನೋಡಿಕೊಂಡು ಹೋಗಿದ್ದ.

ಕೊಳ್ಳೇಗಾಲದ ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುವ ಆಶಾರಾಣಿ ಸಂಜೆಯ ಬಸ್ಸಿಗೆ ಬಂದಾಗ ಶಿವಮ್ಮ ಎಲೆಯ ವಿಷಯ ಹೇಳಿದಳು. ಹುಡುಗಿ ಕಾಲು ತೊಳೆಯುತ್ತಿದ್ದವಳು ಚೊಂಬು ಕೆಳಗಿಟ್ಟಳು.

"ಯಾಕವ್ವ ಯೋಳ್ದೆ? ನಮ್ತಾವ ಇರೋದು ಅದೊಂದೇ ತಂಪು. ಐತೆ ಅಂತ ಗೊತ್ತಾದ್ರೆ ಅದ್ನೂ ಕೇಳ್ತಾರೆ."

"ತಂಪ ಯಾರಾದ್ರೂ ಒತ್ಕಂಡು ಓದಾರಾ" ಎಂದು ಶಿವಮ್ಮ ನಕ್ಕಳು. ನಗು ಅರ್ಧಕ್ಕೇ ನಿಂತಿತು. ಬದುವಿನ ಮೇಲೆ ವೀರಮ್ಮ ಬರುತ್ತಿದ್ದಳು, ಒಬ್ಬಳೇ, ಸೆರಗನ್ನು ತಲೆಯ ಮೇಲೆ ಎಳೆದುಕೊಂಡು. ಅವಳು ಕಾಲೊನಿಯ ಕಡೆಗೆ ಕಾಲಿಟ್ಟಿದ್ದನ್ನು ಶಿವಮ್ಮ ಅದುವರೆಗೆ ನೋಡಿರಲಿಲ್ಲ.

ವೀರಮ್ಮ ಮರದ ಕೆಳಗೆ ನಿಂತೇ ಮಾತಾಡಿದಳು. ಎದ್ದಿರುವ ಹುಳುಗಳೂ ಇನ್ನೆರಡು ದಿನ ಆ ಶೀಟಿನ ಕೆಳಗಿದ್ದರೆ ಉಳಿಯುವುದಿಲ್ಲ. ಉಳಿದಿರುವುದು ಐವತ್ತು ಮೊಟ್ಟೆಯಷ್ಟು, ಅಂದರೆ ಇಪ್ಪತ್ತು ಸಾವಿರದಷ್ಟು ಹುಳು, ನಾಲ್ಕು ಸ್ಟ್ಯಾಂಡಿನಲ್ಲಿ ಹಿಡಿಸುತ್ತವೆ. ಗೂಡು ಕಟ್ಟುವವರೆಗೆ ಈ ಮನೆಯಲ್ಲಿ ಇಟ್ಟುಕೊಂಡರೆ ತಾನೇ ಮೂರು ಹೊತ್ತೂ ಬಂದು ಸೊಪ್ಪು ಹಾಕಿ ಹೋಗುತ್ತೇನೆ ಎಂದಳು. ಕೇಳುತ್ತ ಕೇಳುತ್ತ ಅವಳ ದನಿ ಸಣ್ಣದಾಯಿತು. ಬೇಡಿ ಅಭ್ಯಾಸವಿರದ ದನಿ ಅದು.

ಆಶಾರಾಣಿ ತಾಯಿಯ ಸೆರಗನ್ನು ಹಿಂದಿನಿಂದ ಮೆಲ್ಲಗೆ ಜಗ್ಗಿದಳು. ಶಿವಮ್ಮನಿಗೆ ಆ ಜಗ್ಗಿನ ಅರ್ಥ ಗೊತ್ತಿತ್ತು. ಆದರೂ ಅವಳಿಗೆ ಕೇಳಿಸಿದ್ದು ಇನ್ನೊಂದು. ಮಧ್ಯಾಹ್ನ ಗೋಡೆಯೊಳಗೆ ನಿಂತುಹೋಗಿದ್ದ ಮಳೆ. ಅದನ್ನು ಒಂದು ಸಲ ಒಳಗಿನಿಂದ ಕೇಳಬೇಕು ಎನ್ನುವ ಆಸೆ ತನಗೆ ಇಷ್ಟು ವರ್ಷ ಇತ್ತು ಎನ್ನುವುದೂ ಅವಳಿಗೆ ಆಗಲೇ ಗೊತ್ತಾದದ್ದು.

"ತನ್ನಿ ಅವ್ವೋರೆ" ಎಂದಳು.

ಅಂದೇ ನೆಲ ಸಾರಿಸಿ, ಗೋಡೆಗೆ ಸುಣ್ಣ ಬಳಿದು, ಒಲೆಯನ್ನು ಹೊರಗೆ ಮರದ ಬುಡಕ್ಕೆ ಸಾಗಿಸಿದ್ದಾಯಿತು. ಹುಳುವಿಗೆ ಹೊಗೆ ಆಗದು, ಒಗ್ಗರಣೆಯ ಘಾಟು ಆಗದು, ಹೊಗೆಸೊಪ್ಪು ಮುಟ್ಟಿದ ಕೈಯಂತೂ ವಿಷ. ಶಿವಮ್ಮ ಎಲೆಅಡಿಕೆ ಚೀಲವನ್ನು ಮರದ ಕವಲಿಗೆ ಸಿಕ್ಕಿಸಿ ಬಂದಳು. ಮಾರನೆಯ ನಸುಕಿನಲ್ಲಿ ಸ್ಟ್ಯಾಂಡುಗಳು ಬಂದವು, ತಟ್ಟೆಗಳು ಬಂದವು. ತಾಯಿ ಮಗಳ ಚಾಪೆ ಜಗಲಿಗೆ ಬಂತು.

ಮೊದಲ ಹೊತ್ತಿನ ಸೊಪ್ಪು ಹಾಕಲು ವೀರಮ್ಮ ಬಂದಳು. ಹೊಸ್ತಿಲವರೆಗೆ ಬಂದಳು. ಕಾಲೊನಿಯ ನಾಲ್ಕಾರು ಬಾಗಿಲುಗಳಲ್ಲಿ ಜನ ನಿಂತು ನೋಡುತ್ತಿದ್ದರು. ಬದುವಿನ ಮೇಲೆ ಅವಳದೇ ಕೇರಿಯ ಒಬ್ಬ ಮುದುಕಿಯೂ ನಿಂತಿದ್ದಳು. ವೀರಮ್ಮನ ಬಲಗಾಲು ಮೇಲೆದ್ದಿತು. ಗಾಳಿಯಲ್ಲಿ ಒಂದು ಗಳಿಗೆ ಇದ್ದು ಮತ್ತೆ ಇದ್ದಲ್ಲಿಗೇ ಬಂತು.

"ನೀನೇ ಆಕು" ಎಂದಳು ಶಿವಮ್ಮನ ಮುಖ ನೋಡದೆ. "ಉಳ ಇರೋ ಮನೆಯೋಳ ಕೈಯೇ ಆಗ್ಬೇಕು. ಒಂದೇ ಕೈ. ನಮ್ಮತ್ತೆ ಯೋಳೋರು."

ಶಿವಮ್ಮ ಆ ಕಾಲನ್ನು ನೋಡಿದ್ದಳು. ಹೊರೆ ಎತ್ತಿಕೊಂಡು ಒಳಗೆ ಹೋದಳು.

ಹಾಗೆ ಕೆಲಸ ಅದಲುಬದಲಾಯಿತು. ಸೊಪ್ಪಿನ ಹೊರೆ ಹೊಸ್ತಿಲಿಗೆ ತಂದು ಇಳಿಸುವವಳು ವೀರಮ್ಮ, ಒಳಗೆ ಒಯ್ದು ಹಾಕುವವಳು ಶಿವಮ್ಮ. ಮೂರು ಹೊತ್ತೂ ಮಿಂದು, ಒದ್ದೆ ಕೂದಲಿಗೆ ಗಂಟು ಹಾಕಿ ಅವಳು ಒಳಗೆ ಹೋಗುತ್ತಿದ್ದಳು. ಬಿಳಿಯ ತಣ್ಣಗಿನ ಮೈಗಳು ಬೆರಳಿಗೆ ತಗಲಿದಾಗ ಮೊದಮೊದಲು ಮೈ ಜುಮ್ಮೆಂದಿತು. ಸೊಪ್ಪು ಹರಡಿ ಕದ ಮುಂದಕ್ಕೆಳೆದು ಕತ್ತಲಲ್ಲಿ ನಿಂತರೆ, ಒಂದು ತಟ್ಟೆಯಿಂದ ಇನ್ನೊಂದಕ್ಕೆ ಹಬ್ಬಿ ಮಳೆ ಶುರುವಾಗುತ್ತಿತ್ತು. ಎಲ್ಲ ಕಡೆಯಿಂದಲೂ ಮಳೆ. ತಲೆಯ ಮೇಲೆ, ಮೊಣಕಾಲ ಹತ್ತಿರ, ಮಾದಸ್ವಾಮಿ ಹೆಬ್ಬೆರಳು ಸವರಿದ ಮಾಡದೊಳಗೆ. ಒಂದು ಹನಿಯೂ ತಾಗದೆ ನೆನೆದುಹೋಗುವ ಮಳೆ. ತಾನೂ ಗಂಡನೂ ತುಳಿದ ಕೆಸರು ಮತ್ತೆ ಕಾಲ ಬೆರಳ ಸಂದಿಯಲ್ಲಿ ಮೇಲೇಳುತ್ತಿದೆ ಎಂದು ಅವಳಿಗೆ ಅನ್ನಿಸುತ್ತಿತ್ತು. ಹೊರಗೆ ಬಂದರೆ ಬಿಸಿಲು ಬಂಡೆಯ ಹಾಗೆ ನಿಂತಿರುತ್ತಿತ್ತು.

ನಾಲ್ಕನೆಯ ದಿನ ಮಧ್ಯಾಹ್ನ ವೀರಮ್ಮ ಹೊರೆ ಇಳಿಸಿ ಹೊರಡಲಿಲ್ಲ. ಊರಲ್ಲಿ ಕರೆಂಟು ಹೋಗಿತ್ತು, ಏಸಿ ನಿಂತಿತ್ತು, ಆರ್‌ಸಿಸಿಯ ಕೋಣೆಯೊಳಗೆ ಕೂರಲಾಗುತ್ತಿಲ್ಲ ಎಂದಳು. ಹುಳು ಹೇಗಿವೆ, ತಾನೊಂದು ಸಲ ಒಳಗೆ ಬಂದು ನೋಡಲೇ ಎಂದು ಕೇಳಿದಳು.

ಶಿವಮ್ಮ ಬಾಗಿಲಿಗೆ ಅಡ್ಡ ನಿಂತೇ ಇದ್ದಳು. "ಒಂದೇ ಕೈ ಅಂದಿದ್ರಲ್ಲ ಅವ್ವೋರೆ" ಎಂದಳು. "ಉಳ ಮುನಿಸ್ಕಂಡ್ರೆ ನನ್ ಮೇಲೆ ಬಂದದು."

ವೀರಮ್ಮನ ಮುಖ ಕೆಂಪಗಾಯಿತು. ಆಮೇಲೆ, ಶಿವಮ್ಮ ಎಣಿಸಿರಲಿಲ್ಲ, ಅವಳು ನಕ್ಕಳು. ನಕ್ಕು ಜಗಲಿಯ ಮೇಲೆ ಕೂತಳು. ಮಣ್ಣಿನ ಗೋಡೆಗೆ ಬೆನ್ನು ಕೊಟ್ಟಳು. ಬೆನ್ನಿನಿಂದ ತಂಪು ಮೆಲ್ಲಗೆ ಏರಿ ಕುತ್ತಿಗೆಗೆ ಬಂದದ್ದು ಅವಳ ಕಣ್ಣ ರೆಪ್ಪೆಗಳಲ್ಲಿ ಕಾಣುತ್ತಿತ್ತು. ಹೊಂಗೆಯ ನೆರಳು ಅವಳ ಸೀರೆಯ ಮೇಲೆ ನೀರಿನ ಹಾಗೆ ಅಲುಗಾಡಿತು.

"ಇದೇನೇ ಈ ಸದ್ದು" ಎಂದಳು ಅರೆನಿದ್ದೆಯಲ್ಲಿ. "ಮಳೆ ಬತ್ತಾ ಐತಾ?"

ಇಪ್ಪತ್ತಾರು ವರ್ಷ ಒಳಗೇ ಇದ್ದವಳಿಗೆ ಅದು ಹೊರಗಿನಿಂದ ಹೇಗೆ ಕೇಳುತ್ತದೆ ಎಂದು ಗೊತ್ತಿರಲಿಲ್ಲ. ವೀರಮ್ಮ ಬಾಯಿ ತುಸು ತೆರೆದು ಮಗುವಿನ ಹಾಗೆ ನಿದ್ದೆ ಹೋದಳು. ಆಮೇಲೆ ದಿನವೂ ಮಧ್ಯಾಹ್ನ ಅವಳು ಅಲ್ಲೇ ಮಲಗಿದಳು. ಮಲಗುವ ಮುಂಚೆ ಒಂದೆರಡು ಮಾತು ಬರುತ್ತಿತ್ತು. ಮದುವೆಯಾಗಿ ಬಂದಾಗ ಇಲ್ಲಿ ಆರು ಮರ ಇದ್ದವು, ಆ ನೆರಳಲ್ಲಿ ಸೊಪ್ಪು ಕಮ್ಮಿ ಆಗುತ್ತಿತ್ತೇ ಹೊರತು ಹುಳು ಒಂದೂ ಸಾಯುತ್ತಿರಲಿಲ್ಲ ಎಂದಳು ಒಂದು ದಿನ. ಹೇಳಿದ ಮೇಲೆ ಅದನ್ನು ತಾನೇ ಮೊದಲ ಸಲ ಕೇಳಿದವಳ ಹಾಗೆ ಮರದ ಕಡೆ ತಲೆ ಎತ್ತಿದಳು.

ಎಂಟನೆಯ ದಿನ ಹುಳು ಹಣ್ಣಾದವು. ಮೈ ಬೆಳಕಿಗೆ ಹಿಡಿದ ದ್ರಾಕ್ಷಿಯಂತಾಯಿತು. ಶಿವಮ್ಮ ಒಂದೊಂದನ್ನೇ ಎತ್ತಿ, ಗೂಡು ಕಟ್ಟಲೆಂದು ಹೆಣೆದ ಬಿದಿರಿನ ಚಂದ್ರಿಕೆಗಳಿಗೆ ಬಿಟ್ಟಳು. ಅವು ತಲೆಯಾಡಿಸುತ್ತ ತಮ್ಮ ಸುತ್ತ ತಾವೇ ಮಸುಕು ಹೊದ್ದುಕೊಳ್ಳುವುದನ್ನು ಕೂತು ನೋಡಿದಳು. ಇನ್ನು ಸದ್ದು ಮಾಡುವಂತಿಲ್ಲ, ಅಲುಗಿಸುವಂತಿಲ್ಲ. ಕಾಲೊನಿಯಲ್ಲಿ ರೇಡಿಯೋ ಕೂಡ ಸಣ್ಣಗಾಯಿತು. ಹುಳುವಿನ ನಾಡು ಅದು, ಈ ಮಾತು ಮಕ್ಕಳಿಗೂ ಗೊತ್ತು.

ಗೂಡು ಬಿಡಿಸುವ ದಿನ ಮಲ್ಲಿಕಾರ್ಜುನಸ್ವಾಮಿ ಬಂದ. ಗಂಡಸು, ಹೊಲದ ಒಡೆಯ, ಅವನಿಗೆ ಹೊಸ್ತಿಲು ಅಡ್ಡವಾಗಲಿಲ್ಲ. ಒಳಗೆ ಬಂದು ನಿಂತು ಟವಲ್ಲಿನಿಂದ ಕತ್ತು ಒರೆಸಿಕೊಂಡ. ಗೂಡನ್ನು ಎರಡು ಬೆರಳಲ್ಲಿ ಒತ್ತಿ ನೋಡಿದ. ಕಲ್ಲಿನ ಹಾಗೆ ಗಟ್ಟಿಯಿತ್ತು. ಸೂರಿನ ಕಡೆ ನೋಡಿದ, ಗೋಡೆ ತಟ್ಟಿದ, ಹೊರಗೆ ಹೋಗಿ ಮರ ನೋಡಿದ. ಅವನ ಕಣ್ಣು ಅಳೆಯುತ್ತಿದ್ದುದು ಆಶಾರಾಣಿಗೆ ತಾಯಿಗಿಂತ ಮೊದಲೇ ಕಂಡಿತು. ಅವಳು ಬುಟ್ಟಿ ಕೆಳಗಿಟ್ಟಳು.

ಅವನು ಒಳ್ಳೆಯ ಮಾತಿನಲ್ಲೇ ಹೇಳಿದ. ಮರ ಕಡಿಸುವುದಿಲ್ಲ, ಅದು ಇರಲಿ. ಈ ಜಾಗದಲ್ಲೇ ಅರವತ್ತು ಅಡಿ ಉದ್ದಕ್ಕೆ ಒಂದು ಹುಳುಮನೆ ಎಬ್ಬಿಸೋಣ, ಗೋಡೆಯನ್ನು ಮಣ್ಣಿನಲ್ಲೇ ಮಾಡಿಸೋಣ. ಶಿವಮ್ಮನಿಗೆ ರಸ್ತೆ ಪಕ್ಕ, ಕಲ್ಲುಕ್ವಾರಿಯ ಎದುರಿಗೆ ಜಾಗ ಬಿಟ್ಟುಕೊಡುತ್ತೇನೆ. ಪಂಚಾಯ್ತಿಯಿಂದ ಮನೆ ಮಂಜೂರು ಮಾಡಿಸಿಕೊಂಡರೆ ಪಕ್ಕಾ ಮನೆ ಆಗುತ್ತದೆ, ಮಳೆಗೆ ಬೀಳುವ ಭಯವಿಲ್ಲ.

ಒಂದು ಮಾತೂ ಕೆಟ್ಟದ್ದಲ್ಲ. ಶಿವಮ್ಮ ರಸ್ತೆ ಪಕ್ಕದ ಆ ಬೆತ್ತಲೆ ಬಂಡೆಯನ್ನು ಮನಸ್ಸಿನಲ್ಲಿ ಕಂಡಳು. ಅದರ ಮೇಲೆ ಒಂದು ಸಿಮೆಂಟಿನ ಪೆಟ್ಟಿಗೆ, ಅದರೊಳಗೆ ತಾನು, ಏಳಲಾಗದೆ ಮಲಗಿದ ಹುಳುವಿನ ಹಾಗೆ ತಲೆ ಎತ್ತಿಕೊಂಡು. ಕೈಯಲ್ಲಿ ಆಗ ಬಿಡಿಸಿದ ಮೊದಲ ಗೂಡು ಇತ್ತು. ವೀರಮ್ಮನ ಮನೆಯ ಪದ್ಧತಿಯಂತೆ ಮೊದಲ ಗೂಡನ್ನು ಮಾರುವುದಿಲ್ಲ, ಹುಳುಮನೆಯ ಸೂರಿನಲ್ಲಿ ಸಿಕ್ಕಿಸುತ್ತಾರೆ. ಮುಂದಿನ ಬೆಳೆ ಆ ಮನೆ ಹುಡುಕಿಕೊಂಡು ಬರಲಿ ಎಂದು. ಹೊಸ್ತಿಲಾಚೆ ನಿಂತಿದ್ದ ವೀರಮ್ಮ ಅದಕ್ಕಾಗಿಯೇ ಅಂಗೈ ಚಾಚಿದ್ದಳು.

ಶಿವಮ್ಮ ಸ್ಟೂಲು ಎಳೆದುಕೊಂಡಳು. ಹತ್ತಿ, ಆ ಗೂಡನ್ನು ತನ್ನ ಮನೆಯ ಹೆಂಚಿನ ಸಂದಿಗೆ ಸಿಕ್ಕಿಸಿದಳು. ಇಳಿದು ಬಂದು ಮಲ್ಲಿಕಾರ್ಜುನಸ್ವಾಮಿಯ ಕಾಲ ಕಡೆ ನೋಡುತ್ತ ಹೇಳಿದಳು:

"ಮನೆ ಬುಡಕಾಗಕಿಲ್ಲ ಬುದ್ಧಿ. ಉಳ ಬೇಕಾದ್ರೆ ತಂದು ಮಡಗಿ, ಬೇಸ್ಗೆಬೇಸ್ಗೆಗೂ ಸಾಕ್ಕೊಡ್ತೀನಿ. ನಾನಿದ್ರೆ ಈ ಮನೆ ತಂಪು."

ಅವನು ನಗಲಿಲ್ಲ, ಬೈಯಲೂ ಇಲ್ಲ. ಜಾಗದ ಕಾಗದ ಯಾರ ಹೆಸರಲ್ಲಿದೆ ಎಂದು ಗೊತ್ತಲ್ಲ, ಯೋಚನೆ ಮಾಡು ಎಂದಷ್ಟೇ ಹೇಳಿ ಹೋದ. ವೀರಮ್ಮ ಚಾಚಿದ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ಗಂಡನ ಹಿಂದೆ ನಡೆದಳು. ಗೂಡು ಕೊಳ್ಳೇಗಾಲದ ಮಾರುಕಟ್ಟೆಗೆ ಹೋಯಿತು. ಚೆನ್ನಾಗಿ ಹೋಯಿತಂತೆ.

ಆಶಾರಾಣಿ ಆ ರಾತ್ರಿ ಜಗಳವಾಡಲಿಲ್ಲ. ತಾಯಿಯ ಪಕ್ಕದಲ್ಲಿ ಮಲಗಿ, ನಾನು ಹೇಳಿರಲಿಲ್ಲವೇ ಎಂದೂ ಕೇಳಲಿಲ್ಲ. ಸುಣ್ಣ ಬಳಿದು ಖಾಲಿ ಮಾಡಿದ ಮನೆ ದೊಡ್ಡದಾಗಿ ಕಾಣುತ್ತಿತ್ತು.

ಗೂಡು ಮಾರಿದ ಒಂಬತ್ತನೆಯ ದಿನ ಬೆಳಗ್ಗೆ ನಾಗರಾಜು ಜೆಸಿಬಿ ತಂದ. ಬದುವಿನ ಮೇಲೆ ಹಳದಿ ಮೆಷಿನ್ ಗುಡುಗುತ್ತ ಬಂದಾಗ ಹೆಂಚುಗಳು ಒಂದಕ್ಕೊಂದು ತಾಗಿ ನಡುಗಿದವು. ಶಿವಮ್ಮ ಬಾಗಿಲು ಮುಂದಕ್ಕೆಳೆದುಕೊಂಡು ಹೊರಗೆ ಬಂದಳು. ಏನು ಹೇಳಬೇಕೆಂದು ಅವಳು ಯೋಚಿಸಿರಲಿಲ್ಲ. ಬಾಯಿ ತಾನಾಗಿಯೇ ತೆರೆಯಿತು.

"ಸದ್ದು ನಿಲ್ಸು ನಾಗರಾಜು. ಒಳಗೆ ಉಳ ಜ್ವರಕ್ಕೆ ಕೂತವೆ."

ಹುಳುವಿನ ನಾಡಿನಲ್ಲಿ ಹುಟ್ಟಿದವನು, ಕೈ ತಾನಾಗಿಯೇ ಕೀಲಿಯ ಕಡೆ ಹೋಯಿತು, ಇಂಜಿನ್ ನಿಂತಿತು. ನಿಂತ ಮೇಲೆ ಅವನಿಗೆ ಅನುಮಾನ ಬಂತು. ಗೂಡು ಮಾರಿ ಹತ್ತು ದಿನವೂ ಆಗಿಲ್ಲವಲ್ಲ, ನಾಲ್ಕು ದಿನದ ಹಿಂದೆ ಮಲ್ಲಿಕಾರ್ಜುನಸ್ವಾಮಿಯವರು ಮನೆ ಕೆಡವಲು ಬಾ ಎಂದಿದ್ದರಲ್ಲ ಎಂದು ಗೊಣಗಿದ. ಅಷ್ಟರಲ್ಲಿ ಮೆಷಿನ್ನಿನ ಸದ್ದು ಕೇಳಿ ವೀರಮ್ಮ ಬದುವಿನ ಮೇಲೆ ಏದುಸಿರು ಬಿಡುತ್ತ ಬಂದಿದ್ದಳು. ನಾಗರಾಜು ಅವಳ ಕಡೆ ತಿರುಗಿದ.

"ಅವ್ವೋರೆ, ಒಳಗೆ ಉಳ ಅದಾವಾ?"

ಮನೆ ಖಾಲಿ ಎಂದು ವೀರಮ್ಮನಿಗೆ ಗೊತ್ತಿತ್ತು. ತಟ್ಟೆಗಳನ್ನು ತೊಳೆಸಿ ಹಿತ್ತಿಲಲ್ಲಿ ಒಣಗಿಸಿದವಳು ಅವಳೇ. ವೀರಮ್ಮ ಮರದ ಕಡೆ ನೋಡಿದಳು, ತಾನು ಮಲಗುತ್ತಿದ್ದ ಜಗಲಿಯ ಕಡೆ ನೋಡಿದಳು.

"ಅವೆ" ಎಂದಳು. "ತಿರುಗ್ಸು ಗಾಡಿಯ. ಮೆಲ್ಲುಕ್ ಓಗು."

"ಯಾವಾಗ ಬರ್ಲಿ?"

"ಎದ್ಮೇಲೆ ನಾನೇ ಯೋಳ್ಕಳುಸ್ತೀನಿ."

ನಾಗರಾಜು ಹೋದ ಮೇಲೆ ಬದುವಿನ ಮೇಲೆ ಚಕ್ರದ ಎರಡು ಗೆರೆ ಉಳಿದವು. ಇಬ್ಬರೂ ಅದನ್ನೇ ನೋಡುತ್ತ ನಿಂತರು. ಸಂಜೆಯೊಳಗೆ ಮಲ್ಲಿಕಾರ್ಜುನಸ್ವಾಮಿಗೆ ಗೊತ್ತಾಗುತ್ತದೆ. ವೀರಮ್ಮ ಸೆರಗಿನ ಗಂಟಿನಿಂದ ಮೊಬೈಲು ತೆಗೆದು, ಮರಿಹುಳು ಸಾಕಿ ಮಾರುವ ಚಾಕಿ ಕೇಂದ್ರಕ್ಕೆ ಫೋನು ಮಾಡಿದಳು. ಮರಿಹುಳು ಇವೆಯೇ, ಐವತ್ತು ಮೊಟ್ಟೆಯದು ಬೇಕು, ಇವತ್ತೇ ಬೇಕು, ಮನೆಗಲ್ಲ, ಹೊಲದ ಹತ್ತಿರ ಹೊಂಗೆಮರದ ಮನೆಗೆ ತಂದುಕೊಡಿ ಎಂದಳು. ಯಾರ ಹೆಸರು ಬರೆದುಕೊಳ್ಳಲಿ ಎಂದು ಅತ್ತಲಿಂದ ಕೇಳಿರಬೇಕು. ಅವಳು ಶಿವಮ್ಮನ ಕಡೆ ತಿರುಗಿದಳು.

"ಶಿವಮ್ಮ ಅಂತ ಬರ್ಕೊ" ಎಂದಳು.

ಶಿವಮ್ಮ ಬಾಗಿಲು ತಳ್ಳಿದಳು. ಒಳಗೆ ಸುಣ್ಣದ ವಾಸನೆ, ಅರೆಗತ್ತಲು, ಯಾರೂ ಮಲಗಿಲ್ಲದ ತಂಪು. ಹೆಂಚಿನ ಸಂದಿಯಲ್ಲಿ ಆ ಒಂದು ಗೂಡು ಬೆಳ್ಳಗೆ ಇತ್ತು.

"ಉಳ ಇನ್ನೂ ಬಂದಿಲ್ಲ ಅವ್ವೋರೆ" ಎಂದಳು. "ಈಗ ಬರ್ಬೋದು ನೀವು."

ವೀರಮ್ಮ ಚಪ್ಪಲಿಯನ್ನು ಮರದ ಬುಡದಲ್ಲಿ ಬಿಟ್ಟಳು. ಅವಳ ಬಲಗಾಲು ಮೇಲೆದ್ದಿತು. ಈ ಸಲ ಅದು ತಣ್ಣನೆಯ ನೆಲದ ಮೇಲೆ ಇಳಿಯುವುದನ್ನು ಶಿವಮ್ಮ ನೋಡಿದಳು.